ಕೇಳಿಸಿದರೆ ಕೈ ಎತ್ತಿ

ಎಂಟೂವರೆ ಸಾವಿರ, ಮೂರು ಮೀಟರಿನ ಜೋಡಿಗೆ.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ
ಇನಾಯತ್ ಸಾಬರು ಅದನ್ನು
ಹೂ ಮಾರುವವರು ಮೊಳ ಹಾಕುವ ಹಾಗೆ ಮೊಣಕೈಗೆ ಎಳೆದು ತೋರಿಸಿದರು:
"ಹಿಡಿದು ನೋಡಿ ಮೇಡಂ, ಆಮ್ಲಜನಕವೇ ಇಲ್ಲದ ತಾಮ್ರ."
ಹಿಡಿದೆ. ತೂಕವಿತ್ತು.
ಕೇರೆಹಾವಿನ ಮರಿಯ ಹಾಗೆ ತಣ್ಣಗಿತ್ತು.
"ವಾರ ಇಟ್ಟುಕೊಳ್ಳಿ. ಕಿವಿ ಒಪ್ಪಿದರೆ ದುಡ್ಡು."

ಕಿವಿ!
ನನ್ನ ಹೊಟ್ಟೆಪಾಡೇ ಕಿವಿ.
ಆಸ್ಪತ್ರೆಯ ಹದಿನೇಳನೇ ರೂಮು,
ತೂತು ತೂತಿನ ಹಲಗೆ ಬಡಿದ ಕಿಟಕಿಯಿಲ್ಲದ ಪೆಟ್ಟಿಗೆ,
ಒಳಗೆ ಕೂತವರಿಗೆ ಗಾಜಿನ ಈಚೆಯಿಂದ ದಿನಕ್ಕೆ ಇಪ್ಪತ್ತು ಸಲ:
"ಕುಂಯ್ ಅಂತ ಕೇಳಿಸಿದರೆ ಕೈ ಎತ್ತಿ.
ಎಷ್ಟು ಸಣ್ಣಗಾದರೂ ಸರಿ, ಎತ್ತಿ."

ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ನಿಂತ ದ್ಯಾವಪ್ಪ
ನಾನು ಗುಂಡಿ ಒತ್ತದೇ ಇದ್ದಾಗಲೂ ಎತ್ತುತ್ತಿದ್ದ.
ಸುಳ್ಳಲ್ಲ ಅದು.
ಕೇಳಿಸಲಿ ಅಂತ ಅಷ್ಟು ಆಸೆಯಾದರೆ
ಕಿವಿಯೇ ಒಂದು ಸದ್ದು ಮಾಡಿ ಕೊಡುತ್ತದೆ,
ಅಳುವ ಮಗುವಿಗೆ ಬಾರದ ಕಾಗೆಯನ್ನು ತೋರಿಸುವಂತೆ.

ನನ್ನದನ್ನೂ ಪರೀಕ್ಷೆ ಮಾಡಿಕೊಂಡಿದ್ದೇನೆ,
ಊಟದ ಬಿಡುವಿನಲ್ಲಿ, ಚಿಲಕ ಹಾಕಿ.
ನಲವತ್ತಾರು ದಾಟಿದ ಕಿವಿ.
ಗೆರೆ ಬಲಗಡೆಗೆ ಹೋಗುತ್ತ ಹೋಗುತ್ತ
ಸಕಲೇಶಪುರದಾಚೆಯ ಘಾಟಿಯ ಹಾಗೆ ಇಳಿದುಬಿಡುತ್ತದೆ.
ಈ ತಂತಿ ಕೊಡುತ್ತೇನೆ ಅನ್ನುವ ಸೂಕ್ಷ್ಮವೆಲ್ಲ
ಆ ಇಳಿಜಾರಿನ ತಳದಲ್ಲೆಲ್ಲೋ.

ಗೊತ್ತು. ಗೊತ್ತಿದ್ದೂ
ಬ್ಯಾಗಿನಲ್ಲಿಟ್ಟುಕೊಂಡು ಬಂದೆ,
ಸಾಲಗಾಮೆ ರಸ್ತೆಯುದ್ದಕ್ಕೂ ಆಟೋದಲ್ಲಿ ಮುಟ್ಟಿ ಮುಟ್ಟಿ ನೋಡುತ್ತ.
ಪದ್ಮರಾಜರು ಬೆಲೆ ಕೇಳಿ
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.
ಅವರ ಜಗಳ ಯಾವಾಗಲೂ ಅಷ್ಟೇ ಉದ್ದ.
"ಫ್ರಿಜ್ಜಿನ ಬಾಗಿಲು ಇನ್ನೂ ಲಾಡಿ ಕಟ್ಟಿ ಮುಚ್ತಿದೀವಿ" ಎಂದಳು ಮಗಳು,
ಯಾರಿಗೂ ಅಲ್ಲ, ಫ್ರಿಜ್ಜಿಗೆ.

ಭಾನುವಾರ ಮಧ್ಯಾಹ್ನ, ಕರೆಂಟು ಇದ್ದಾಗ,
ಸ್ಪೀಕರುಗಳ ಬೆನ್ನು ತಿರುಗಿಸಿದೆ.
ಹನ್ನೊಂದು ವರ್ಷದ ಧೂಳು, ಒಂದು ಸತ್ತ ಜಿರಲೆ,
ಗೃಹಪ್ರವೇಶದ ಹಿಂದಿನ ರಾತ್ರಿ ಮೈದುನ ಧರಣೇಂದ್ರ
ಟ್ಯೂಬ್‌ಲೈಟಿಗೆ ತಂದು ಮಿಕ್ಕಿದ ವೈರನ್ನು
ಹಲ್ಲಲ್ಲೇ ಸಿಪ್ಪೆ ಕಿತ್ತು ಸಿಕ್ಕಿಸಿದ್ದ ಗಂಟು.
ತುದಿಯಲ್ಲಿ ಹಸಿರು ಕಿಲುಬು,
ಹುಣಸೆಹಣ್ಣು ಕಾಣದ ಚೊಂಬಿನ ಹಾಗೆ.
ಮತ್ತು ಎಡಗಡೆಯದರಲ್ಲಿ
ಕೆಂಪು ತಿರುಪಿಗೆ ಕಪ್ಪು, ಕಪ್ಪಿಗೆ ಕೆಂಪು.

ಹನ್ನೊಂದು ವರ್ಷ
ಒಂದು ಪೆಟ್ಟಿಗೆ ಉಸಿರೆಳೆದಾಗ ಇನ್ನೊಂದು ಬಿಟ್ಟಿದೆ,
ಮಾತು ಬಿಟ್ಟ ಓರಗಿತ್ತಿಯರು ಒಂದೇ ಒಲೆಯ ಮುಂದೆ ನಿಂತ ಹಾಗೆ.
ಅದಕ್ಕೇ ಆ ಹಾಡುವ ಹೆಂಗಸಿಗೆ
ನಮ್ಮ ಮನೆಯಲ್ಲಿ ಒಂದು ಜಾಗ ಅಂತ ಇರಲಿಲ್ಲ.
ಪಾತ್ರೆ ತೊಳೆಯುವಾಗ ಬಚ್ಚಲ ಕಡೆಯಿಂದ,
ಬಟ್ಟೆ ಮಡಿಸುವಾಗ ಬೀರುವಿನ ಒಳಗಿಂದ,
ಎಲ್ಲಿಂದಲೋ, ಎಲ್ಲ ಕಡೆಯಿಂದಲೂ ಹಾಡುತ್ತಿದ್ದಳು.
ದನಿಯೆಂದರೆ ಹೀಗೇ ಅಂದುಕೊಂಡಿದ್ದೆ.

ಕಿಲುಬು ಕತ್ತರಿಸಿ, ಹೊಸದಾಗಿ ಸುಲಿದು,
ಕೆಂಪಿಗೆ ಕೆಂಪು. ಹಳೇ ತಂತಿಯೇ.
ಇನಾಯತ್ ಸಾಬರ ಸುರುಳಿ
ಕಾಫಿ ಕೊಡದೆ ಕೂರಿಸಿದ ನೆಂಟನಂತೆ ಸೋಫಾದ ಮೇಲೆ.

ಹಾಕಿದೆ.
ತಂಬೂರಿ ನೆಲ ಸಿಕ್ಕಿ ಕೂತಿತು.
ಅವಳು ಬಂದಳು,
ಸ್ವಿಚ್‌ಬೋರ್ಡಿಗೂ ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿಗೂ ನಡುವೆ,
ನನ್ನ ಎದೆಯ ಮಟ್ಟಕ್ಕೆ,
ಉಗುಳು ನುಂಗಿದ್ದು ಕೇಳಿಸುವಷ್ಟು ಹತ್ತಿರ.
ಮಗಳು ರೂಮಿನಿಂದ ಇಣುಕಿ "ಯಾರಾದ್ರೂ ಬಂದ್ರಾ?" ಎಂದಳು.

ಸೋಮವಾರ ಸುರುಳಿ ವಾಪಸ್ಸು.
ಇನಾಯತ್ ಸಾಬರು ಬೇಸರಿಸಲಿಲ್ಲ,
"ಬರ್ತೀರಿ" ಎಂದರು, ಪೇಪರು ಸುತ್ತಿ ಒಳಗಿಟ್ಟರು.
ಫ್ರಿಜ್ಜಿಗೆ ರಬ್ಬರು ಇನ್ನೂ ಹಾಕಿಸಿಲ್ಲ.

ಆದರೆ ನಿಜ ಹೇಳಿಬಿಡುತ್ತೇನೆ.
ಈಗ ಬೀರು ಸುಮ್ಮನಿದೆ. ಬಚ್ಚಲು ಸುಮ್ಮನಿದೆ.
ನಿನ್ನೆ ರಾತ್ರಿ ಎಲ್ಲ ಆರಿಸಿ ಮಲಗಿದ ಮೇಲೆ
ಅಡುಗೆಮನೆಯ ಕಡೆಯಿಂದ ಅವಳ ಒಂದೆಳೆ ಬಂದ ಹಾಗಾಗಿ
ಕತ್ತಲಲ್ಲಿ, ಹಾಸಿಗೆಯ ಮೇಲೆ,
ದ್ಯಾವಪ್ಪನ ಹಾಗೆ
ಕೈ ಎತ್ತಿದೆ.